ಭಾನುವಾರದ ಪ್ರಶ್ನೋತ್ತರ: ವಿಮಾನ ಟಿಕೆಟ್ ರೇಟು ಯಾಕೆ ಹೀಗೆ?

ಅಡ್ಮಿನ್: ಇವತ್ತು ಉತ್ತರ ಕೊಡುವವರು ನಮ್ಮ ‘ರೇಟ್ ಸರ್’. ವಿಮಾನ ಕಂಪನಿಯೊಂದರಲ್ಲಿ ಟಿಕೆಟ್ ದರ ನಿಗದಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು.

ಧಾರವಾಡದ ಹುಡುಗಿ: ಸರ್, ದೀಪಾವಳಿಗೆ ಬೆಂಗಳೂರು–ಹುಬ್ಬಳ್ಳಿ ಟಿಕೆಟ್ ಬೆಳಿಗ್ಗೆಗಿಂತ ಸಂಜೆ ಎರಡು ಸಾವಿರ ಜಾಸ್ತಿ. ನಾನು ಪದೇ ಪದೇ ನೋಡಿದ್ದಕ್ಕಾ?

ರೇಟ್ ಸರ್: ಅಲ್ಲಮ್ಮ. 78 ಸೀಟಿನ ಎಟಿಆರ್, ಅಂದರೆ ಫ್ಯಾನಿನ ಸಣ್ಣ ವಿಮಾನ ಅಂದುಕೊಳ್ಳಿ. ಆ ಸೀಟುಗಳನ್ನು ಬೇರೆ ಬೇರೆ ದರಕ್ಕೆ ಹಂಚಿರುತ್ತೇವೆ, ಒಂದೊಂದು ದರಕ್ಕೆ ಒಂದೊಂದು ಅಕ್ಷರ. ಅಗ್ಗದ ಅಕ್ಷರ ಖಾಲಿಯಾದರೆ ಮೇಲಿನದು ಕಾಣುತ್ತೆ. ಮಧ್ಯಾಹ್ನ ಒಂದು ಕುಟುಂಬ ಆರು ಸೀಟು ತೆಗೆದರೂ ಸಾಕು.

ಜಯನಗರ ಅಂಕಲ್: ಮಂಗಳವಾರ ರಾತ್ರಿ 12ಕ್ಕೆ ಇನ್‌ಕಾಗ್ನಿಟೋದಲ್ಲಿ, ಅಂದ್ರೆ ಹುಡುಕಿದ್ದನ್ನು ಬ್ರೌಸರ್ ನೆನಪಿಡದ ಮೋಡ್‌ನಲ್ಲಿ, ಬುಕ್ ಮಾಡಿದರೆ ಅರ್ಧ ರೇಟಂತೆ. ಪೈಲಟ್ ಒಬ್ಬರೇ ಹೇಳಿದ್ದು. ಎಲ್ಲರಿಗೂ ಕಳಿಸಿ.

ರೇಟ್ ಸರ್: ಸುಳ್ಳು. ಪೈಲಟ್‌ಗೆ ಟಿಕೆಟ್ ದರ ಯಾಕೆ ಗೊತ್ತಿರುತ್ತೆ?

ಶಿರಸಿ ಭಟ್ಟರು: ಅಪ್ಪೆಮಿಡಿ ಭರಣಿ ಕೈಚೀಲದಲ್ಲಿ ಒಯ್ಯಲು ಬಿಡ್ತಾರಾ?

ಕಲಬುರಗಿ ತಮ್ಮ: ಸರ್, ಪರಿಚಯದವರೊಬ್ಬರು ಎರಡು ಸಣ್ಣ ವಿಮಾನ ಬಾಡಿಗೆಗೆ ತಂದು, ಸಣ್ಣ ಊರುಗಳಿಗೆ ಅಗ್ಗದಲ್ಲಿ ವಿಮಾನ ಅಂತ ಕೇಂದ್ರ ಸರ್ಕಾರ ಮಾಡಿರುವ ಉಡಾನ್ ಯೋಜನೆಯಲ್ಲಿ ಹಾರಿಸ್ತಾರಂತೆ. ಅಪ್ಪ ಪಿಎಫ್ ದುಡ್ಡು ಹಾಕೋಕೆ ಹೊರಟಿದ್ದಾರೆ. ‘ವಿಮಾನಗಳೆಲ್ಲ ಫುಲ್ ಇರ್ತಾವಲ್ಲ’ ಅಂತಾರೆ.

ರೇಟ್ ಸರ್: ಮೊದಲು ಅಪ್ಪನನ್ನು ತಡೆಯಿರಿ. ಫುಲ್ ಇದ್ದರೆ ಲಾಭ ಅಂತ ಯಾರು ಹೇಳಿದ್ದು? ಟಿಕೆಟ್ ದುಡ್ಡು ರೂಪಾಯಿಯಲ್ಲಿ ಬರುತ್ತೆ, ವಿಮಾನದ ಬಾಡಿಗೆ ಡಾಲರ್‌ನಲ್ಲಿ ಹೋಗುತ್ತೆ. ಇಂಧನ ಜಿಎಸ್‌ಟಿಯಲ್ಲಿಲ್ಲ, ರಾಜ್ಯಕ್ಕೊಂದು ವ್ಯಾಟ್. ಉಡಾನ್‌ನಲ್ಲಿ ಕೆಲವು ಸೀಟು ಕಡಿಮೆ ದರಕ್ಕೆ ಕೊಡಬೇಕು, ಆ ನಷ್ಟ ಸರ್ಕಾರ ತುಂಬಿಕೊಡುವುದು ಮೂರೇ ವರ್ಷ. ಆಮೇಲೆ? ಇನ್ನೊಂದು. ಇಂಡಿಗೋ 2023ರಲ್ಲಿ ಒಂದೇ ಸಲ 500 ವಿಮಾನಕ್ಕೆ ಆರ್ಡರ್ ಕೊಟ್ಟಿತು. ಅವರಿಗೆ ಸಿಗುವ ಬೆಲೆ ಎರಡು ವಿಮಾನದವರಿಗೆ ಸಿಗುತ್ತಾ? ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಕಂಪನಿ ನಿಂತಿತು. ಜನ ಇರಲಿಲ್ಲ ಅಂತಲ್ಲ, ಎಂಜಿನ್ ಕೆಟ್ಟು ಅರ್ಧದಷ್ಟು ವಿಮಾನ ನೆಲ ಹಿಡಿದಿದ್ದವು. ನಿಂತ ವಿಮಾನಕ್ಕೂ ಬಾಡಿಗೆ ಏರ್ತಾ ಇರುತ್ತೆ. ಎರಡರಲ್ಲಿ ಒಂದು ಕೆಟ್ಟರೆ ನಿಮ್ಮವರ ಅರ್ಧ ಕಂಪನಿಯೇ ಹೋಯ್ತು.

ಬಸವನಗುಡಿ ಬಾಯ್: ಏರ್ ಡೆಕ್ಕನ್ 2003ರಲ್ಲಿ ಇದೇ ಹುಬ್ಬಳ್ಳಿ ರೂಟಿನಿಂದ ಶುರುವಾಗಲಿಲ್ವಾ? ಒಂದು ರೂಪಾಯಿ ಟಿಕೆಟ್ ಕೊಟ್ಟಿದ್ರು. ಈಗಿನವರು ಬರೀ ಲೂಟಿ.

ಮೈಸೂರು ಮೇಷ್ಟ್ರು: ಕೊಟ್ಟು ಏನಾಯ್ತು? ಕಿಂಗ್‌ಫಿಷರ್ ಪಾಲಾಯ್ತು. 2012ರಲ್ಲಿ ಅದೂ ನಿಂತಿತು.

ಬಸವನಗುಡಿ ಬಾಯ್: ಜನಸಾಮಾನ್ಯ ವಿಮಾನ ಹತ್ತಿದ್ದು ಅವರಿಂದ ಸ್ವಾಮಿ.

ಮೈಸೂರು ಮೇಷ್ಟ್ರು: ಹತ್ತಿದ್ದು ಸರಿ. ಹತ್ತಿಸಿದವರಿಗೆ ಏನು ಉಳೀತು? ಹಬ್ಬಕ್ಕೆ ಪ್ರೈವೇಟ್ ಬಸ್ಸಿನವರು ಡಬಲ್ ಕೇಳಿದಾಗ ಸುಮ್ನಿರ್ತೀರಿ.

ಬಸವನಗುಡಿ ಬಾಯ್: ನಾನು ರೈಲಲ್ಲಿ ಹೋಗೋನು. ಪಾಠ ಬೇಡ.

ಶಿರಸಿ ಭಟ್ಟರು: ಭರಣಿ?

ತುಮಕೂರು ಟೈಮ್ಸ್: ಸರ್, ಇನ್‌ಕಾಗ್ನಿಟೋದಲ್ಲಿ ನೋಡಿದರೆ ಕಡಿಮೆ ತೋರಿಸುತ್ತಾ?

ರೇಟ್ ಸರ್: ಮೇಲೆ ಓದಿ.

ಜಯನಗರ ಅಂಕಲ್: ಕ್ಯಾನ್ಸಲ್ ಆದರೆ ಪೂರ್ತಿ ರೀಫಂಡ್ ಕೊಡಿಸುವ ನಂಬರ್ ಬಂದಿದೆ. ಒಟಿಪಿ ಹೇಳಿದರೆ ಸಾಕಂತೆ.

ರೇಟ್ ಸರ್: ಅಡ್ಮಿನ್, ಅದನ್ನು ಅಳಿಸಿ. ಒಟಿಪಿ ಹೇಳಿದರೆ ಅಕೌಂಟ್ ಖಾಲಿ. ಬಂದದ್ದನ್ನೆಲ್ಲ ಇಲ್ಲಿ ಸುರಿಯಬೇಡಿ ಅಂತ ಎಷ್ಟು ಸಲ ಹೇಳೋದು?

ಜಯನಗರ ಅಂಕಲ್: ಒಳ್ಳೇದಕ್ಕೆ ಹಾಕಿದೆ. ಇಷ್ಟು ಜೋರು ಯಾಕೆ?

ಕಲಬುರಗಿ ತಮ್ಮ: ಸರ್, ಅಪ್ಪ ಹೋದ ವಾರವೇ ಐದು ಲಕ್ಷ ಕೊಟ್ಟಾಗಿದೆಯಂತೆ. ನನಗೆ ಈಗ ಹೇಳಿದರು.

ರೇಟ್ ಸರ್: ರಸೀದಿ ಇದೆಯಾ? ಯಾವ ಹೆಸರಿಗೆ ಚೆಕ್? ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ. ಉಳಿದವರ ಪ್ರಶ್ನೆ ಮುಂದಿನ ವಾರ.