ದ್ವೀಪದ ಬಾವಿಗೆ ಸಿಹಿನೀರು, ಬಂದರಿನಿಂದ ಹೊಯ್ಗೆ

ಸ್ವಾತಿ, ಬೆಳಿಗ್ಗೆ ಕೇಳಿದ್ದೆಯಲ್ಲ, ಸುತ್ತ ಉಪ್ಪುನೀರು, ಒಂದು ಹೊಳೆ ಇಲ್ಲ, ಲಕ್ಷದ್ವೀಪದ ಬಾವಿಗೆ ಸಿಹಿನೀರು ಎಲ್ಲಿಂದ ಅಂತ. ಅದರ ಕೆಳಗೆ ಭಾವ ಕೇಳಿದ್ದು, ಮಂಗಳೂರು ಬಂದರಿನಿಂದ ಅಲ್ಲಿಗೆ ಹೊಯ್ಗೆ (ಮರಳು) ಯಾಕೆ ಹೋಗೋದು ಅಂತ. ಎರಡಕ್ಕೂ ಕಾರಣ ಹವಳವೇ, ಆ ದ್ವೀಪಗಳು ಆದದ್ದೇ ಹವಳದಿಂದ. ಸ್ವಲ್ಪ ಉದ್ದ ಆಗ್ತದೆ, ಕೇಳಿ.

ಹೆಸರಲ್ಲಿ ಲಕ್ಷ ಇದ್ದರೂ ಇರೋದು 36 ದ್ವೀಪ, ಎಲ್ಲ ಸೇರಿ 32 ಚದರ ಕಿಲೋಮೀಟರ್. ಜನ ಇರೋದು ಹತ್ತರಲ್ಲಿ. ಎತ್ತರ ಹೆಚ್ಚಿನ ಕಡೆ ಒಂದೆರಡು ಮೀಟರ್ ಅಷ್ಟೆ. ಮಳೆ ವರ್ಷಕ್ಕೆ 1500-1600 ಮಿಲಿಮೀಟರ್, ನಮ್ಮ ಕರಾವಳಿಯ ಅರ್ಧವೂ ಇಲ್ಲ. ಆದರೆ ಬಿದ್ದ ಮಳೆ ಹರಿದು ಹೋಗೋದಿಲ್ಲ. ಹವಳದ ಹೊಯ್ಗೆಯಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೇಲ್ತದೆ. ನೀರಿನ ಮೇಲೆ ನೀರು ತೇಲ್ತದಾ ಅಂದ್ರೆ, ಹೌದು: ಒಂದು ಲೀಟರ್ ಸಿಹಿನೀರು 1000 ಗ್ರಾಂ, ಸಮುದ್ರದ್ದು ಸುಮಾರು 1025. ಆ 25 ಗ್ರಾಮಿನ ಮೇಲೆ ಊರೇ ಬದುಕಿದೆ. ಲೆಕ್ಕದಲ್ಲಿ ಸಮುದ್ರಮಟ್ಟದಿಂದ ಒಂದು ಇಂಚು ಮೇಲೆ ಸಿಹಿನೀರು ನಿಂತ್ರೆ ಕೆಳಗೆ 40 ಇಂಚು ಇರಬೇಕು. ಭರತ ಇಳಿತಕ್ಕೆ ಅಡಿಯ ನೀರು ಕಲಸಿಹೋಗುವ ಕಾರಣ ಅಷ್ಟು ಸಿಗೋದಿಲ್ಲ. ಬಾವಿಯ ನೀರೂ ಭರತಕ್ಕೆ ಏರಿ, ಇಳಿತಕ್ಕೆ ಇಳೀತದೆ.

ಕೊಡಪಾನದಲ್ಲಿ ಸೇದಿದ್ರೆ ತೊಂದರೆ ಇಲ್ಲ. ಮೋಟರ್ ಇಟ್ಟು ಒಂದೇ ಕಡೆ ಎಳೆದ್ರೆ ಕಷ್ಟ: ಮೇಲೆ ಸಿಹಿನೀರು ತಗ್ಗಿದಲ್ಲಿ ಅಡಿಯಿಂದ ಉಪ್ಪು ಹುತ್ತದ ಹಾಗೆ ಏಳ್ತದೆ. ಬೋರ್ ಹೊಡೀಲಿಕ್ಕೂ ಇಲ್ಲ, ಆಳ ಹೋದಷ್ಟೂ ಉಪ್ಪು. ಉಪ್ಪಾದ ಬಾವಿ ತಿಳಿಯಾಗಬೇಕಾದ್ರೆ ಮಳೆಗೇ ಕಾಯಬೇಕು. ಇನ್ನೊಂದು, ಈ ಹೊಯ್ಗೆ ಕೊಳೆನೀರನ್ನು ಸರಿಯಾಗಿ ಸೋಸೋದಿಲ್ಲ. ಪಾಯಿಖಾನೆ ಗುಂಡಿ ಹತ್ತಿರ ಇದ್ರೆ ಬಾವಿ ಕೆಟ್ಟಿತು ಅಂತಲೇ ಲೆಕ್ಕ. ಹಾಗಾಗಿಯೇ 2005ರಲ್ಲಿ ಅಲ್ಲಿಯ ರಾಜಧಾನಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ, ದಿನಕ್ಕೆ 1 ಲಕ್ಷ ಲೀಟರಿನ ಘಟಕ ಆದದ್ದು. ಮೇಲಿನ ಬಿಸಿ ಸಮುದ್ರದ ನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನಲ್ಲಿ ಅದನ್ನು ಪುನಃ ನೀರಾಗಿಸೋದು. ಬಾಯ್ಲರ್ ಬೇಡ, ಆದರೆ ಪಂಪಿಗೆ ಕರೆಂಟ್ ಬೇಕೇ ಬೇಕು.

ಈಗ ಭಾವನ ಹೊಯ್ಗೆ. ಅಲ್ಲಿರೋದು ಹವಳದ ಪುಡಿ, ಉಪ್ಪು ತುಂಬಿದ್ದು. ಅದರಲ್ಲಿ ಕಾಂಕ್ರೀಟ್ ಮಾಡಿದ್ರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬು ಒಡೀತದೆ. ದಡದಿಂದ ತೆಗೆದ್ರೆ ಊರೇ ಕೊರೆದು ಹೋಗ್ತದೆ. ಹಾಗೆ ಹೊಯ್ಗೆ, ಜಲ್ಲಿ, ಸಿಮೆಂಟು, ತರಕಾರಿ ಎಲ್ಲ ಮಂಗಳೂರಿನ ಹಳೇ ಬಂದರಿನಿಂದ ಮಂಜಿಯಲ್ಲಿ (ಸರಕಿನ ದೊಡ್ಡ ದೋಣಿ) ಹೋಗೋದು, ಮಳೆಗಾಲದಲ್ಲಿ ಬಂದ್. ನಂಟು ಹಳತು ಮಾರಾಯ್ರೆ: ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಈ ಐದೂ ಟಿಪ್ಪುವಿನ ಕೈಯಲ್ಲಿ ಇದ್ದು, 1799ರ ನಂತರ ಬ್ರಿಟಿಷರಿಗೆ ಹೋಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗಿನ ಹುರಿ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು.

ಜನ ಹೆಚ್ಚುಕಡಿಮೆ ಎಲ್ಲ ಮುಸ್ಲಿಮರು, ಮಾತು ಜೆಸರಿ, ಮಲಯಾಳಕ್ಕೆ ಹತ್ತಿರ. ಆದರೆ ಆಸ್ತಿ ನಮ್ಮ ಅಳಿಯಸಂತಾನದ ಹಾಗೆ ತಾಯಿಯ ಕಡೆಯಿಂದ. ತರವಾಡಿನ, ಅಂದ್ರೆ ತಾಯಿಯ ಕಡೆಯ ಕೂಡುಕುಟುಂಬದ, ಆಸ್ತಿಗೆ 'ಶುಕ್ರವಾರದ್ದು' ಅಂತ ಹೆಸರು, ಅದನ್ನು ಒಬ್ಬ ತನ್ನಷ್ಟಕ್ಕೆ ಮಾರುವ ಹಾಗಿಲ್ಲ. ಸ್ವಂತ ಸಂಪಾದನೆ 'ಸೋಮವಾರದ್ದು', ಅದು ಷರಿಯತ್ ಪ್ರಕಾರ ಮಕ್ಕಳಿಗೆ. ತೆಂಕಣ ತುದಿಯ ಮಿನಿಕಾಯ್ ಮಾತ್ರ ಬೇರೆಯೇ ಲೋಕ: ಮಾತು ಮಾಲ್ಡೀವ್ಸಿನವರದ್ದು, ಲಿಪಿ ತಾನಾ, ಬರೆಯೋದು ಬಲದಿಂದ ಎಡಕ್ಕೆ. ಅಲ್ಲಿಯ ಮಾಸ್ ಅಂದ್ರೆ ಸೂರೆ ಮೀನನ್ನು (ಟ್ಯೂನಾ) ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಕಟ್ಟಿಗೆಯಷ್ಟು ಗಟ್ಟಿ ಒಣಗಿಸಿದ್ದು. ಸಿಕ್ಕಿದ್ರೆ ತಗೊ, ತೆಳ್ಳಗೆ ಹೆರೆದು ಚಟ್ನಿಗೆ ಹಾಕು.