ಹೊಚ್ಚ ಹೊಸ ಹಡಗಿನ ಮೊದಲ ತಿಂಗಳಲ್ಲೇ ಕ್ರೂಸ್: ಯೋಜನೆ ಹೇಗಿರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆತಾಯಿಯವರ ಮದುವೆಗೆ ಐವತ್ತು ವರ್ಷ ತುಂಬುವ ಸಂದರ್ಭದಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ವಾರದ ಕ್ರೂಸ್ ಹೋಗಬೇಕೆಂದು ಯೋಚಿಸಿದ್ದೇವೆ. ನಾವು ಕಣ್ಣಿಟ್ಟಿರುವ ಹಡಗು ಇನ್ನೂ ಶಿಪ್‌ಯಾರ್ಡಿನಲ್ಲಿಯೇ ಇದೆ. ಮುಂದಿನ ವರ್ಷ ಅದು ಸೇವೆಗೆ ಬರಲಿದ್ದು, ಚೊಚ್ಚಲ ಯಾನದ ಬೆನ್ನಿಗೇ ಹೊರಡುವ ಎರಡನೆಯ ಯಾನ ಅವರ ವಿವಾಹದ ದಿನಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಬುಕಿಂಗ್ ತೆರೆದಿದೆ, ಆದರೆ ನಾವಿನ್ನೂ ಮುಂಗಡ ಕಟ್ಟಿಲ್ಲ.

ನನ್ನನ್ನು ಕಾಡುತ್ತಿರುವುದು ಮೂರು ಸಂಗತಿಗಳು. ಹೇಳಿದ ದಿನಕ್ಕೆ ಹಡಗು ಹೊರಡುತ್ತದೆಂದು ಎಷ್ಟರಮಟ್ಟಿಗೆ ನಂಬಬಹುದು? ಯಾರೂ ಉಳಿದು ನೋಡದ ಹಡಗಿನಲ್ಲಿ, ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರಗಳನ್ನಷ್ಟೇ ನೋಡಿ ಕ್ಯಾಬಿನ್ ಆರಿಸುವುದು ಹೇಗೆ? ತಾಯಿಯವರಿಗೆ ಮಂಡಿನೋವು ಇರುವುದರಿಂದ ಅವರು ಬಹುದೂರ ನಡೆಯಲಾರರು ಎಂಬುದನ್ನೂ ಗಮನಿಸಬೇಕಾಗಿದೆ. ಮೂರನೆಯದಾಗಿ, ವಿಮಾನದ ಟಿಕೆಟ್ಟು, ವೀಸಾ ಮುಂತಾದವನ್ನು ಯಾವ ಹಂತದಲ್ಲಿ ಮಾಡಿಸುವುದು ಕ್ಷೇಮ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮಿಕ್ಕೆರಡು ತಾವಾಗಿಯೇ ಸಡಿಲವಾಗುತ್ತವೆ. ಹೊಸ ಹಡಗಿನ ವಿಚಾರದಲ್ಲಿ ಎಲ್ಲಕ್ಕಿಂತ ನೆಚ್ಚಲಾಗದ ಸಂಗತಿ ಅದರ ದಿನಾಂಕವೇ. ಕಂಪನಿಯು ಟಿಕೆಟ್ ಮಾರುವುದಕ್ಕೆ ತೊಡಗುವಾಗ ಹಡಗಿನ ಬಹುಭಾಗ ಉಕ್ಕಿನ ಹಾಳೆಗಳ ರೂಪದಲ್ಲಿರುತ್ತದೆ. ಅಲ್ಲಿಂದ ಮುಂದೆ ಹಡಗನ್ನು ನೀರಿಗಿಳಿಸಬೇಕು, ಒಳಗಿನ ಕೆಲಸ ಮುಗಿಯಬೇಕು, ಸಮುದ್ರದಲ್ಲಿ ಪರೀಕ್ಷಾ ಸಂಚಾರ ನಡೆಯಬೇಕು, ಕಂಪನಿಗೆ ಹಸ್ತಾಂತರವಾಗಬೇಕು, ನೂರಾರು ಸಿಬ್ಬಂದಿ ಹತ್ತಿ ಹಡಗಿಗೆ ಒಗ್ಗಿಕೊಳ್ಳಬೇಕು. ಇವುಗಳಲ್ಲಿ ಯಾವುದೊಂದು ಜಾರಿದರೂ ನಿಮ್ಮ ಎರಡನೆಯ ಯಾನವೇ ಮೊದಲು ಪೆಟ್ಟು ತಿನ್ನುವ ಸಾಲಿನಲ್ಲಿ ನಿಂತಿದೆ.

ಇದು ಬರಿಯ ಊಹೆಯಲ್ಲ. ಜಪಾನಿನ ನಾಗಸಾಕಿಯಲ್ಲಿ ಕಟ್ಟಿದ ಐಡಾಪ್ರೈಮಾ ನಿಗದಿಗಿಂತ ಸುಮಾರು ಒಂದು ವರ್ಷ ತಡವಾಗಿ 2016ರ ಮಾರ್ಚಿನಲ್ಲಿ ಕಂಪನಿಯ ಕೈಸೇರಿತು. ಫಿನ್ಲೆಂಡಿನ ತುರ್ಕುವಿನಲ್ಲಿ ನಿರ್ಮಾಣವಾದ ಕೋಸ್ಟಾ ಸ್ಮೆರಾಲ್ಡಾ 2019ರ ಅಕ್ಟೋಬರಿನಲ್ಲಿ ಹೊರಡಬೇಕಾಗಿದ್ದು ಡಿಸೆಂಬರಿನಲ್ಲಿ ಹೊರಟಿತು. ಅದೇ ಶಿಪ್‌ಯಾರ್ಡಿನ ಮಾರ್ಡಿ ಗ್ರಾ 2020ರ ಆಗಸ್ಟಿನಿಂದ ನವೆಂಬರಿಗೆ ಮುಂದೂಡಲ್ಪಟ್ಟು, ಆಮೇಲೆ ಸಾಂಕ್ರಾಮಿಕದ ಕಾರಣದಿಂದ 2021ರ ಜುಲೈ ಕೊನೆಯವರೆಗೆ ಕಾಯಬೇಕಾಯಿತು. 2024ರಲ್ಲಿ ಸನ್ ಪ್ರಿನ್ಸೆಸ್ ತನ್ನ ಫೆಬ್ರವರಿ ಆರಂಭದ ಯಾನವನ್ನು ಕೈಬಿಟ್ಟು ತಿಂಗಳ ಕೊನೆಗೆ ಹೊರಟಿತು. ಕ್ಯೂನಾರ್ಡಿನ ಕ್ವೀನ್ ಆನ್ ಜನವರಿಯ ಬದಲು ಮೇ ತಿಂಗಳಲ್ಲಿ ಸೌತಾಂಪ್ಟನ್ನಿನಿಂದ ಹೊರಟಿತು. ಹಳೆಯ ಕಾಲದಲ್ಲೂ ಪರಿಸ್ಥಿತಿ ಬೇರೆಯಾಗಿರಲಿಲ್ಲ. 1968ರ ಕೊನೆಯಲ್ಲಿ ಕ್ಯೂನಾರ್ಡಿನದೇ ಆದ ಕ್ಯೂಇ2 (ಕ್ವೀನ್ ಎಲಿಜಬೆತ್ 2) ಹಡಗಿನ ಟರ್ಬೈನುಗಳು ಪರೀಕ್ಷೆಯಲ್ಲಿ ಕೈಕೊಟ್ಟಾಗ ಕಂಪನಿ ಹಡಗನ್ನು ಸ್ವೀಕರಿಸಲು ನಿರಾಕರಿಸಿತು. ಚೊಚ್ಚಲ ಯಾನ ನಡೆದದ್ದು 1969ರ ಮೇ 2ರಂದು.

ಶಿಪ್‌ಯಾರ್ಡು ಎಲ್ಲಿದೆ ಎಂಬುದನ್ನೂ ನೋಡಿ. ಜರ್ಮನಿಯ ಪಾಪೆನ್‌ಬುರ್ಗ್ ಕಡಲಿನಿಂದ ಒಳನಾಡಿನಲ್ಲಿದೆ. ಅಲ್ಲಿ ಕಟ್ಟಿದ ಹಡಗನ್ನು ಕಿರಿದಾದ ಎಮ್ಸ್ ನದಿಯಲ್ಲಿ ಹಿಮ್ಮುಖವಾಗಿ ನಡೆಸಿಕೊಂಡು ಸಮುದ್ರಕ್ಕೆ ತರುತ್ತಾರೆ. ಅದಕ್ಕೆ ನೀರಿನ ಮಟ್ಟ, ಭರತ, ಗಾಳಿ ಎಲ್ಲವೂ ಅನುಕೂಲವಾಗಬೇಕು.

ಹಾಗೆಂದು ಎಲ್ಲ ಹಡಗುಗಳೂ ತಡವಾಗುತ್ತವೆ ಎನ್ನಲಾಗದು. ಐಕಾನ್ ಆಫ್ ದಿ ಸೀಸ್ 2023ರ ನವೆಂಬರ್ ಕೊನೆಯಲ್ಲಿ ಹಸ್ತಾಂತರವಾಗಿ, 2024ರ ಜನವರಿ 27ರಂದು ಮಯಾಮಿಯಿಂದ ಹೊರಟಿತು. ಹಸ್ತಾಂತರಕ್ಕೂ ಚೊಚ್ಚಲ ಯಾನಕ್ಕೂ ನಡುವೆ ಎರಡು ತಿಂಗಳ ಬಿಡುವನ್ನು ಅಲ್ಲಿ ಮೊದಲೇ ಇರಿಸಲಾಗಿತ್ತು. ನಿಮ್ಮ ಹಡಗಿನ ವಿಷಯದಲ್ಲಿ ನಾನು ಮೊದಲು ನೋಡುವುದು ಈ ಬಿಡುವನ್ನೇ. ಅದು ಹತ್ತು ಹದಿನೈದು ದಿನಗಳಷ್ಟೇ ಇದ್ದರೆ, ಸಣ್ಣ ಅಡಚಣೆಯನ್ನೂ ನುಂಗಿಕೊಳ್ಳುವಷ್ಟು ಜಾಗ ಆ ವೇಳಾಪಟ್ಟಿಯಲ್ಲಿ ಇಲ್ಲವೆಂದೇ ಅರ್ಥ.

ಆದ್ದರಿಂದ ನಿಮಗೆ ಬೇಕಾದದ್ದು ಆ ದಿನವೋ ಆ ಹಡಗೋ ಎಂಬುದನ್ನು ಮನೆಯಲ್ಲಿ ಮೊದಲು ತೀರ್ಮಾನಿಸಿಕೊಳ್ಳಿ. ದಿನವೇ ಮುಖ್ಯವಾಗಿದ್ದರೆ ಈಗಾಗಲೇ ಓಡಾಡುತ್ತಿರುವ ಹಡಗನ್ನು ಹಿಡಿಯಿರಿ. ಹಡಗೇ ಮುಖ್ಯವಾಗಿದ್ದರೆ ದಿನವನ್ನು ಬಿಟ್ಟುಕೊಡಿ. ಎರಡನ್ನೂ ಒಟ್ಟಿಗೆ ಹಿಡಿಯಹೊರಟರೆ ಮನೆಯ ಹಿರಿಯರ ಸಂಭ್ರಮ ಶಿಪ್‌ಯಾರ್ಡಿನ ಬಡಗಿಗಳ ಕೈಯಲ್ಲಿ ಇರುತ್ತದೆ.

ಉತ್ತರ 2

ಮೇಲಿನವರು ದಿನಾಂಕದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಕ್ಯಾಬಿನ್ನಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಚಿತ್ರಗಳಿಲ್ಲದಿದ್ದರೂ ಡೆಕ್ ನಕ್ಷೆಯೊಂದರಿಂದಲೇ, ಅಂದರೆ ಹಡಗಿನ ಒಂದೊಂದು ಅಂತಸ್ತಿನ ನಕ್ಷೆಯಿಂದಲೇ, ಬಹಳಷ್ಟು ತಿಳಿದುಕೊಳ್ಳಬಹುದು.

ನೀವು ಆರಿಸುವ ಡೆಕ್ಕಿನ ನಕ್ಷೆಯ ಜೊತೆಗೆ ಅದರ ಮೇಲಿನ ಮತ್ತು ಕೆಳಗಿನ ಡೆಕ್ಕುಗಳ ನಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ಮೇಲೆ ಈಜುಕೊಳದ ಅಂಗಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆದಾಡುವ ಸದ್ದು ತಲೆಯ ಮೇಲೆ ಬೀಳುತ್ತದೆ. ಕೆಳಗೆ ನಾಟಕಶಾಲೆಯೋ ನೃತ್ಯದ ಹಾಲೋ ಇದ್ದರೆ ನಡುರಾತ್ರಿಯವರೆಗೆ ಡ್ರಮ್ಮಿನ ಬಡಿತ ಹಾಸಿಗೆಗೆ ತಟ್ಟುತ್ತದೆ. ನಕ್ಷೆಯಲ್ಲಿ ಹೆಸರಿಲ್ಲದೆ ಖಾಲಿ ಬಿಟ್ಟಿರುವ ಬಿಳಿಯ ಜಾಗಗಳನ್ನು ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ಅವು ಸಾಮಾನ್ಯವಾಗಿ ಸಿಬ್ಬಂದಿಯ ಉಗ್ರಾಣ, ಅಡುಗೆಮನೆ, ಯಂತ್ರದ ಕೋಣೆ ಇತ್ಯಾದಿಗಳಾಗಿರುತ್ತವೆ, ಮತ್ತು ಅಲ್ಲಿ ಬಂಡಿಗಳ ಓಡಾಟ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಲೈಫ್‌ಬೋಟುಗಳು ತೂಗುವ ಡೆಕ್ಕಿನ ಆಸುಪಾಸಿನಲ್ಲಿ ಬಾಲ್ಕನಿ ಇದ್ದರೂ ನೋಟಕ್ಕೆ ಅಡ್ಡವಾಗುವುದುಂಟು. ಮೇಲಿನ ಮತ್ತು ಕೆಳಗಿನ ಡೆಕ್ಕುಗಳೆರಡರಲ್ಲೂ ಕ್ಯಾಬಿನ್ನುಗಳೇ ಇರುವ ಜಾಗವೇ ಒಳ್ಳೆಯದು.

ಹಡಗಿನ ಓಲಾಟ ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ಕಡಿಮೆ. ಬದಿಯಿಂದ ಬದಿಗೆ ಆಗುವ ವಾಲಾಟವನ್ನು ಸ್ಟೆಬಿಲೈಜರುಗಳು (ನೀರಿನೊಳಗೆ ಹಡಗಿನ ಇಕ್ಕೆಲಗಳಲ್ಲಿ ಚಾಚುವ ರೆಕ್ಕೆಗಳು) ತಗ್ಗಿಸುತ್ತವೆ, ಆದರೆ ಮೂತಿ ಎದ್ದು ಬೀಳುವ ಚಲನೆಗೆ ಅವು ಹೆಚ್ಚೇನೂ ಮಾಡಲಾರವು. ಮುಂತುದಿಯ ಕ್ಯಾಬಿನ್ನಿಗೆ ಬಂದರು ಹಿಡಿಯುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರುಗಳ ಗುಡುಗು ಕೇಳಿಸಿದರೆ, ಹಿಂತುದಿಯಲ್ಲಿ ಪ್ರೊಪೆಲ್ಲರಿನ ಅದುರು ಇರಬಹುದು. ಹೊಸ ಹಡಗಿನಲ್ಲಿ ಈ ಅದುರು ಎಷ್ಟೆಂಬುದು ಯಾನ ಶುರುವಾದ ಮೇಲಷ್ಟೇ ಪ್ರಯಾಣಿಕರಿಗೆ ತಿಳಿಯುವ ಸಂಗತಿ.

ತಾಯಿಯವರ ಮಂಡಿನೋವಿನ ದೃಷ್ಟಿಯಿಂದ ಲಿಫ್ಟಿಗೆ ಇರುವ ದೂರವೇ ಬಾಲ್ಕನಿಗಿಂತ ಮುಖ್ಯ. ಐಕಾನ್ ಆಫ್ ದಿ ಸೀಸ್‌ನಂಥ ಹಡಗಿನ ಉದ್ದ ಸುಮಾರು 365 ಮೀಟರ್. ಕ್ಯಾಬಿನ್ ಒಂದು ತುದಿಯಲ್ಲಿದ್ದು ಊಟದ ಹಾಲು ಇನ್ನೊಂದು ತುದಿಯಲ್ಲಿದ್ದರೆ ದಿನಕ್ಕೆ ಮೂರು ಹೊತ್ತು ಅಷ್ಟುದ್ದ ಹೋಗಿಬರಬೇಕಾಗುತ್ತದೆ. ಲಿಫ್ಟಿನ ಬಾಗಿಲಿಗೆ ತೀರ ಎದುರಾಗಿರದೆ, ಏಳೆಂಟು ಬಾಗಿಲುಗಳಷ್ಟು ಒಳಗಿರುವ ಕ್ಯಾಬಿನ್ ಆರಿಸಿ. ‘ಯಾವ ಕ್ಯಾಬಿನ್ ಎಂದು ನಾವೇ ಕೊಡುತ್ತೇವೆ’ ಎನ್ನುವ ಅಗ್ಗದ ಟಿಕೆಟ್ಟನ್ನು ಈ ಕಾರಣದಿಂದಲೇ ಕೊಳ್ಳಬೇಡಿ. ಗಾಲಿಕುರ್ಚಿ ಬೇಕಾಗಬಹುದೆಂದಿದ್ದರೆ ಅದಕ್ಕೆ ಅನುಕೂಲವಾದ ಕ್ಯಾಬಿನ್ನುಗಳು ಕೆಲವೇ ಇರುತ್ತವೆ, ಬೇಗ ಮುಗಿದುಹೋಗುತ್ತವೆ. ಹಡಗು ಕಟ್ಟೆಗೆ ನಿಲ್ಲದೆ ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುವ ಬಂದರುಗಳಾವುವೆಂಬುದನ್ನೂ ವಿಚಾರಿಸಿಕೊಳ್ಳಿ, ಏಕೆಂದರೆ ಅಲೆಯಲ್ಲಿ ಏರಿಳಿಯುವ ದೋಣಿಗೆ ಹೆಜ್ಜೆ ಇಡುವುದು ಮಂಡಿನೋವಿನವರಿಗೆ ಕಷ್ಟ.

ಅದೇ ವರ್ಗದ ಅಕ್ಕ ಹಡಗು ಒಂದು ಈಗಾಗಲೇ ಓಡುತ್ತಿದ್ದರೆ, ಸ್ಟಾರ್ ಆಫ್ ದಿ ಸೀಸ್‌ಗೆ ಐಕಾನ್ ಇದ್ದಂತೆ, ನಿಮ್ಮ ಕೆಲಸ ಅರ್ಧ ಹಗುರವಾಗುತ್ತದೆ. ಅದರಲ್ಲಿ ಉಳಿದವರು ತೆಗೆದ ವಿಡಿಯೊಗಳಲ್ಲಿ ಕ್ಯಾಬಿನ್ನಿನ ಬಚ್ಚಲಿನ ಹೊಸ್ತಿಲಿನ ಎತ್ತರದವರೆಗೆ ಎಲ್ಲವೂ ಕಾಣಸಿಗುತ್ತದೆ.

ಉತ್ತರ 3

ಇಷ್ಟೆಲ್ಲ ಎಚ್ಚರಿಕೆಯನ್ನು ಓದಿ ನೀವು ಹೊಸ ಹಡಗನ್ನೇ ಕೈಬಿಡಬಾರದೆಂದು ಬರೆಯುತ್ತಿದ್ದೇನೆ. ನಾನು ಹೊಸ ಹಡಗಿನ ಮೊದಲ ಋತುವಿನಲ್ಲಿ ಪ್ರಯಾಣಿಸಿದ್ದೇನೆ. ಅದರ ಸೊಗಸೇ ಬೇರೆ. ಕಂಪನಿಗಳು ಸಾಮಾನ್ಯವಾಗಿ ತಮ್ಮ ಇತರ ಹಡಗುಗಳಿಂದ ನುರಿತ ಸಿಬ್ಬಂದಿಯನ್ನು ಆರಿಸಿ ಹೊಸದಕ್ಕೆ ಕಳಿಸುತ್ತವೆ, ಮತ್ತು ಹಡಗು ಮೊದಲ ಬಾರಿ ಬರುವ ಬಂದರುಗಳಲ್ಲಿ ಟಗ್ ದೋಣಿಗಳು ನೀರಿನ ಕಾರಂಜಿ ಹಾರಿಸಿ ಸ್ವಾಗತಿಸುವುದನ್ನು ನೋಡುವುದು ಹಿರಿಯರಿಗೂ ಮಕ್ಕಳಿಗೂ ಒಂದು ಹಬ್ಬ.

ಆದರೆ ಹೊಸ ಚಪ್ಪಲಿ ಕಚ್ಚುವ ಹಾಗೆ ಹೊಸ ಹಡಗೂ ಕಚ್ಚುತ್ತದೆ. ನಾವಿದ್ದ ಹಡಗಿನಲ್ಲಿ ಬಾಗಿಲ ಚೌಕಟ್ಟುಗಳ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಪೂರ್ತಿಯಾಗಿ ಸುಲಿದಿರಲಿಲ್ಲ. ನಾವು ತಿಂಡಿಗೆ ಹೊರಡುವ ಹೊತ್ತಿಗೆ ಇಬ್ಬರು ಕೆಲಸಗಾರರು ಓಣಿಯಲ್ಲಿ ಮೊಣಕಾಲೂರಿ ಕುಳಿತು ನೆಲಹಾಸಿನ ಅಂಚನ್ನು ಅಂಟಿಸುತ್ತಿದ್ದರು, ಮತ್ತು ಆ ಅಂಟಿನ ವಾಸನೆ ವಾರವಿಡೀ ಹೋಗಲಿಲ್ಲ. ಸ್ನಾನದ ನೀರು ಇಳಿಯದೆ ಕಾಲ್ಬೆರಳು ಮುಳುಗುವಷ್ಟು ನಿಲ್ಲುತ್ತಿತ್ತು. ದೂರು ಕೊಟ್ಟ ಮರುದಿನವೇ ಸರಿಮಾಡಿದರೆಂಬುದನ್ನೂ ಹೇಳಬೇಕು. ಒಂದು ರೆಸ್ಟೋರೆಂಟು ಮಾತ್ರ ನಮ್ಮ ಯಾನ ಮುಗಿಯುವವರೆಗೂ ತೆರೆಯಲೇ ಇಲ್ಲ. ಯಾವುದೋ ಒಂದು ಆಕರ್ಷಣೆಗಾಗಿಯೇ ಹೊಸ ಹಡಗನ್ನು ಆರಿಸುವವರಿಗೆ ಇಂಥದ್ದು ಹೆಚ್ಚು ನೋಯುತ್ತದೆ. ವಾಸನೆಗೆ ಉಬ್ಬಸ ಬರುವವರು ಮನೆಯಲ್ಲಿದ್ದರೆ ಮೊದಲ ತಿಂಗಳು ನಿಜಕ್ಕೂ ಬೇಡ.

ಮೂರ್ನಾಲ್ಕು ತಿಂಗಳು ಬಿಟ್ಟು ಹೋದರೆ ಇಂಥ ಸಣ್ಣಪುಟ್ಟ ತೊಂದರೆಗಳಲ್ಲಿ ಬಹುಪಾಲು ತೀರಿರುತ್ತವೆ. ಆದರೆ ವಿನ್ಯಾಸದಲ್ಲೇ ಇರುವ ಕೊರತೆಗಳು, ಉದಾಹರಣೆಗೆ ಲಿಫ್ಟುಗಳು ಸಾಲದಿರುವುದು ಅಥವಾ ನಾಟಕಶಾಲೆಯ ಮುಂದಿನ ಇಕ್ಕಟ್ಟು, ಎಷ್ಟು ತಿಂಗಳು ಕಾದರೂ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಉತ್ತರ ಬರೆದವರ ಮಾತಿನಂತೆ ಮನೆಯಲ್ಲಿ ಕೇಳಿದೆವು. ತಂದೆಯವರು ಯೋಚಿಸದೆ ‘ದಿನ ಯಾವುದಾದರೇನು, ಹೊಸ ಹಡಗೇ ಇರಲಿ’ ಎಂದುಬಿಟ್ಟರು. ತಾಯಿಯವರ ಅಭ್ಯಂತರವೂ ಇಲ್ಲ. ಹಾಗಾಗಿ ವಿವಾಹದ ದಿನವನ್ನು ಮನೆಯಲ್ಲಿಯೇ ಆಚರಿಸಿ, ಹಡಗಿನ ನಾಲ್ಕನೆಯ ತಿಂಗಳಿನ ಯಾನವೊಂದನ್ನು ಹಿಡಿಯುವುದೆಂದು ತೀರ್ಮಾನಿಸಿದ್ದೇವೆ. ಡೆಕ್ ನಕ್ಷೆಯನ್ನು ಮುಂದಿಟ್ಟುಕೊಂಡು ಲಿಫ್ಟಿಗೆ ಹತ್ತಿರದ, ಮೇಲೂ ಕೆಳಗೂ ಕ್ಯಾಬಿನ್ನುಗಳಿರುವ ಎರಡು ಜಾಗಗಳನ್ನು ಗುರುತಿಸಿದ್ದೇನೆ. ಇನ್ನು ಉಳಿದಿರುವುದು ಟಿಕೆಟ್ಟು, ವೀಸಾ, ವಿಮೆಗಳ ಕ್ರಮ. ಹೊರಡುವ ಬಂದರು ಶೆಂಗೆನ್ ವಲಯದಲ್ಲಿದ್ದು (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ನಡುವೆ ಆ ವಲಯದ ಹೊರಗಿನ ಒಂದು ಬಂದರಿಗೂ ಹಡಗು ಹೋಗಿಬರುತ್ತದೆ.

ಉತ್ತರ 4

ವೀಸಾದಿಂದ ಆರಂಭಿಸುತ್ತೇನೆ. ಶೆಂಗೆನ್ ವಲಯದಿಂದ ಹೊರಗೆ ಹೋಗಿ ಮತ್ತೆ ಒಳಬರುವ ಯಾನವಾದ್ದರಿಂದ, ವೀಸಾ ಬೇಕಾದವರು ಒಮ್ಮೆ ಮಾತ್ರ ಪ್ರವೇಶ ಕೊಡುವುದನ್ನಲ್ಲ, ಬಹುಪ್ರವೇಶದ ವೀಸಾವನ್ನೇ ಕೇಳಬೇಕು. ಆ ಹೊರಗಿನ ದೇಶದ ನಿಯಮವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಶೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಸಲ್ಲಿಸಬಹುದು, ಆದರೆ ಹೊಸ ಹಡಗಿನ ಯಾನಕ್ಕೆ ಅಷ್ಟು ಮುಂಚೆ ಸಲ್ಲಿಸುವುದು ಜಾಣತನವಲ್ಲ. ವೀಸಾದ ಮೇಲೆ ಅವಧಿಯ ದಿನಾಂಕಗಳು ಅಚ್ಚಾಗಿರುತ್ತವೆ. ಯಾನ ಎರಡು ತಿಂಗಳು ಮುಂದಕ್ಕೆ ಹೋದರೆ ಎಲ್ಲವನ್ನೂ ಮತ್ತೆ ಮಾಡಿಸಬೇಕಾಗುತ್ತದೆ.

ಕಂಪನಿಯೇ ಯಾನ ರದ್ದು ಮಾಡಿದರೆ ಹಡಗಿನ ಹಣ ಸಾಮಾನ್ಯವಾಗಿ ಪೂರ್ತಿ ಮರಳುತ್ತದೆ, ಕೆಲವೊಮ್ಮೆ ಮುಂದಿನ ಪ್ರಯಾಣಕ್ಕೆ ರಿಯಾಯಿತಿಯೂ ಸಿಗುತ್ತದೆ. ಕೈಸುಡುವುದು ನೀವೇ ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ಟಿನಿಂದ. ಆದ್ದರಿಂದ ವಿಮಾನವನ್ನು ಹಡಗಿನ ಕಂಪನಿಯ ಮೂಲಕವೇ ಕೊಳ್ಳಿ, ಇಲ್ಲವೇ ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ಟನ್ನೇ ಕೊಳ್ಳಿ, ಮತ್ತು ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರನ್ನು ತಲುಪುವಂತೆ ನೋಡಿಕೊಳ್ಳಿ. ವಿಮೆಯ ಪತ್ರದಲ್ಲಿ ರದ್ದತಿಗೆ ಒಪ್ಪುವ ಕಾರಣಗಳ ಪಟ್ಟಿ ಇರುತ್ತದೆ. ‘ಹಡಗು ಸಿದ್ಧವಾಗದಿರುವುದು’ ಅದರಲ್ಲಿ ಇದೆಯೇ ಎಂದು ಏಜೆಂಟರ ಮಾತನ್ನು ನಂಬದೆ ನೀವೇ ಓದಿ. ಯುರೋಪಿನ ಒಕ್ಕೂಟದ ನಿಯಮದಡಿ ಪ್ಯಾಕೇಜಾಗಿ ಕೊಂಡಿದ್ದರೆ, ಕಂಪನಿಯು ಪ್ರವಾಸದ ಮುಖ್ಯ ಅಂಶಗಳನ್ನು ಗಣನೀಯವಾಗಿ ಬದಲಿಸಿದಾಗ ದಂಡ ತೆರದೆ ಹಿಂದೆ ಸರಿಯುವ ಹಕ್ಕು ನಿಮಗಿರುತ್ತದೆ. ಬೇರೆಡೆ ಕೊಂಡವರಿಗೆ ಟಿಕೆಟ್ಟಿನ ಕರಾರೇ ಗತಿ, ಮತ್ತು ಆ ಕರಾರುಗಳು ಬಂದರು ಬದಲಿಸುವ ಅಧಿಕಾರವನ್ನು ಕಂಪನಿಗೇ ಧಾರಾಳವಾಗಿ ಕೊಟ್ಟಿರುತ್ತವೆ.

ಇನ್ನೊಂದು ಮಾತು. ಹಡಗು ಹತ್ತಿದ ದಿನ ಸುರಕ್ಷತಾ ಕವಾಯತು ಕಡ್ಡಾಯ. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಬಂಡೆಗೆ ತಾಗಿ ಮಗುಚಿದ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ದುರಂತದ ಬಳಿಕ ನಿಯಮ ಬಿಗಿಯಾಗಿದ್ದು, 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಇದು ನಡೆಯಬೇಕು. ತಾಯಿಯವರ ಜೊತೆ ಆಗಲೇ ನಿಮ್ಮ ಸೇರುವ ಜಾಗದವರೆಗೆ ಮೆಟ್ಟಿಲಿನ ದಾರಿಯನ್ನು ನೋಡಿಬನ್ನಿ; ತುರ್ತಿನಲ್ಲಿ ಲಿಫ್ಟು ಬಳಸುವಂತಿಲ್ಲ. ಮೆಟ್ಟಿಲಲ್ಲಿ ಅವರಿಗೆ ಸಹಾಯ ಬೇಕೆಂದಾದರೆ ಸಿಬ್ಬಂದಿಗೆ ಅದೇ ದಿನ ತಿಳಿಸಿ ಹೆಸರು ಬರೆಸಿ.

ನಾಲ್ಕನೆಯ ತಿಂಗಳನ್ನು ಆರಿಸಿದ್ದರಿಂದ ನಿಮಗೆ ಇನ್ನೊಂದು ಅನುಕೂಲವೂ ಆಗಿದೆ. ಬಾಕಿ ಹಣವನ್ನು ಪೂರ್ತಿ ಕಟ್ಟಬೇಕಾದ ಗಡುವು ಅನೇಕ ಕಂಪನಿಗಳಲ್ಲಿ ಯಾನಕ್ಕೆ ಸುಮಾರು ಮೂರು ತಿಂಗಳ ಮೊದಲು ಬರುತ್ತದೆ. ನಿಮ್ಮ ಕಂಪನಿಯ ಗಡುವೂ ಅಷ್ಟೇ ಆಗಿದ್ದರೆ ಆ ಹೊತ್ತಿಗೆ ಹಡಗು ಚೊಚ್ಚಲ ಯಾನ ಮುಗಿಸಿರಬೇಕು, ಇಲ್ಲವೇ ತಡವಾಗುತ್ತಿದೆ ಎಂಬ ಸುದ್ದಿ ಹೊರಬಿದ್ದಿರಬೇಕು. ಮುಂಗಡ ವಾಪಸಾಗುವಂಥ ದರದಲ್ಲಿ ಈಗ ಕ್ಯಾಬಿನ್ ಕಾಯ್ದಿರಿಸಿ, ವೀಸಾದ ಅರ್ಜಿಯನ್ನೂ ವಿಮಾನದ ಟಿಕೆಟ್ಟನ್ನೂ ಆ ಗಡುವಿನ ವಾರಕ್ಕೆ ಇಟ್ಟುಕೊಳ್ಳಿ.