ಅಪ್ಪಯ್ಯನ ತೊಡೆ ಸೊರಗುತ್ತಿದೆ, ಏನು ಮಾಡಬಹುದು?

ಶಿರಸಿಯಿಂದ, ಕೇಳಿದವರು: ಅಪ್ಪಯ್ಯನಿಗೆ 71. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ದಿನವೂ ತೋಟಕ್ಕೆ ನಡೆದೇ ಹೋಗಿ ಬರುತ್ತಾರೆ. ಆದರೂ ಅಡಿಕೆ ಸುಲಿದು ಮೆಟ್ಟುಗತ್ತಿಯ ಮೇಲಿಂದ ಏಳಲು ಗೋಡೆ ಹಿಡಿಯಬೇಕು. ತೂಕ ಇಳಿದಿಲ್ಲ, ತೊಡೆ ಮಾತ್ರ ತೆಳ್ಳಗಾಗಿದೆ. ವಯಸ್ಸಾಯಿತು ಎಂದು ಸುಮ್ಮನಿರುವುದೇ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಕಾರವಾರದಿಂದ, ಫಿಸಿಯೋಥೆರಪಿಸ್ಟ್: ಸುಮ್ಮನಿರಬೇಡಿ. ಇದು ಸಾರ್ಕೋಪೀನಿಯಾ, ಅಂದರೆ ವಯಸ್ಸಾದಂತೆ ಸ್ನಾಯು ಮತ್ತು ಅದರ ಬಲ ಕುಂದುವ ಕಾಯಿಲೆ, ಇರಬಹುದು. ಮೂವತ್ತು ದಾಟಿದ ಮೇಲೆ ದಶಕಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಆ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕದ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಹೆಚ್ಚು ಸೊರಗುವುದು ಥಟ್ಟನೆ ಏಳಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ವೇಗದ ಎಳೆಗಳು. ತೋಟದ ನಡಿಗೆ ಹೃದಯಕ್ಕೆ ಒಳ್ಳೆಯದು, ತೊಡೆಗೆ ಸಾಲದು. ಗೋಡೆಗೆ ಒತ್ತಿದ ಕುರ್ಚಿಯಿಂದ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ, ಏಷ್ಯಾದ ತಜ್ಞರ 2019ರ ಮಾನದಂಡದ ಪ್ರಕಾರ ವೈದ್ಯರಿಗೆ ತೋರಿಸಬೇಕು. ಈ ಪರೀಕ್ಷೆಯೇ ವ್ಯಾಯಾಮವೂ ಹೌದು. ವಾರಕ್ಕೆ ಎರಡು ಮೂರು ದಿನ ಮಾಡಿಸಿ. ಸಲೀಸಾದಾಗ ಎದೆಗೆ ಸಣ್ಣ ಅಕ್ಕಿ ಚೀಲ ಅಪ್ಪಿಕೊಂಡು ಏಳಲಿ. ಭಾರ ಹೆಚ್ಚದಿದ್ದರೆ ಬಲವೂ ಹೆಚ್ಚುವುದಿಲ್ಲ. ಈ ವಯಸ್ಸಿಗೆ ಇದೆಲ್ಲ ಏಕೆ ಎಂದು ಅವರು ಗೊಣಗಿದರೆ, ಅಮೆರಿಕದ ವೃದ್ಧಾಶ್ರಮವೊಂದರ ಕಥೆ ಹೇಳಿ: ತೊಂಬತ್ತರ ಆಸುಪಾಸಿನವರು ಎಂಟು ವಾರ ಭಾರ ಎತ್ತಿದಾಗ ಕಾಲಿನ ಬಲ ದುಪ್ಪಟ್ಟನ್ನೂ ಮೀರಿತ್ತು. ಆ ಅಧ್ಯಯನ ಪ್ರಕಟವಾದದ್ದು 1990ರಲ್ಲಿ.

ಕುಮಟಾದಿಂದ: ನಮ್ಮ ಅತ್ತೆಯವರದು ಊಟದ ತಾಪತ್ರಯ. ಹಲ್ಲಿಲ್ಲ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನ ತಂಬುಳಿ, ರಾತ್ರಿ ಗಂಜಿ. ತಂಬುಳಿ ಹೊಟ್ಟೆಗೆ ತಂಪು, ಅದರಲ್ಲಿ ಪ್ರೊಟೀನ್ ಎಷ್ಟಿದ್ದೀತು! ವಯಸ್ಸಾದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು, ಅದನ್ನೂ ಮೂರು ಹೊತ್ತಿಗೆ ಹಂಚಬೇಕು ಎಂದರು ಆಹಾರ ತಜ್ಞೆ. ಹುರುಳಿ ಬೇಯಿಸಿ ಕಟ್ಟು ನಮಗೆ, ಕಾಳು ಎಮ್ಮೆಗೆ ಎನ್ನುವ ಪದ್ಧತಿಯಲ್ಲಿ ಲಾಭವೆಲ್ಲ ಎಮ್ಮೆಗೇ. ಒಣ ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ಈಗ ಕಾಳನ್ನೂ ನುಣ್ಣಗೆ ರುಬ್ಬಿ ಸಾರಿಗೆ ಸೇರಿಸುತ್ತೇನೆ. ಬೆಳಿಗ್ಗೆ ಹೆಸರುಬೇಳೆ ದೋಸೆ, ರಾತ್ರಿ ಗಟ್ಟಿ ಮೊಸರು.

ಅಂಕೋಲಾದಿಂದ: ಬಂಗುಡೆ ತಿನ್ನುವ ನಮ್ಮ ಮಾವನೂ ಸೊರಗಿದ್ದರು. ಜ್ವರದಲ್ಲಿ ಮಲಗಿದ್ದವರನ್ನು ಜ್ವರ ಬಿಟ್ಟ ಮೇಲೂ ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಹಾಸಿಗೆಯಷ್ಟು ಬೇಗ ಸ್ನಾಯು ತಿನ್ನುವುದು ಬೇರೊಂದಿಲ್ಲ.

ಸಿದ್ದಾಪುರದಿಂದ: ಸಕ್ಕರೆ ಕಾಯಿಲೆ ಇದೆ ಎಂದಿರಿ. ಪ್ರೊಟೀನ್ ಹೆಚ್ಚಿಸುವ ಮೊದಲು, ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿಸಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಮೇಲಿನ ಲೆಕ್ಕ ಅಪ್ಪಯ್ಯನಿಗೆ ಹೊಂದುವುದಿಲ್ಲ, ಎಷ್ಟು ತಿನ್ನಬೇಕೆಂದು ವೈದ್ಯರೇ ಹೇಳಬೇಕು. ಡಬ್ಬದ ಪೌಡರ್ ಅಂತೂ ಆ ವರದಿ ಬರುವವರೆಗೆ ಬೇಡ.